ಓದುಗರ ಪ್ರಶ್ನೆ: ಶಾಲೆ ಮುಗಿಸಿದ್ದು ಮಗಳು, ಉತ್ತರ ಕೊಟ್ಟಿದ್ದು ಅಮ್ಮ

ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ. ಅಂಗವೈಕಲ್ಯ ಇರುವ ಹುಡುಗ ಹುಡುಗಿಯರು ಶಾಲೆ ಮುಗಿಸಿ ಹೊರಬಂದ ಮೇಲೆ ಅವರ ಬದುಕು ಏನಾಗುತ್ತದೆ ಎಂದು ಅಧ್ಯಯನ ಮಾಡುವವರು ಅವರನ್ನೇ ಯಾಕೆ ಕೇಳುವುದಿಲ್ಲ? ಕೇಳಬೇಕೆಂದರೆ ಹೇಗೆ? ಬರೆದವರಲ್ಲಿ ಸಂಶೋಧಕರಿದ್ದಾರೆ, ಮನೆಯವರಿದ್ದಾರೆ, ಟೀಚರ್ ಇದ್ದಾರೆ, ಸಂದರ್ಶನ ಕೊಟ್ಟು ಕೊಟ್ಟು ಬೇಸತ್ತವರೂ ಇದ್ದಾರೆ. ಉದ್ದದ ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇನೆ. ಹೆಸರು, ಊರು ತೆಗೆದಿದ್ದೇನೆ.

ಮೇಡಂ, ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಬೌದ್ಧಿಕ ಅಂಗವೈಕಲ್ಯ ಇರುವ 18ರಿಂದ 25 ವರ್ಷದವರು ಶಾಲೆ ಮುಗಿದ ಮೇಲೆ ಏನು ಅನುಭವಿಸುತ್ತಾರೆ ಎಂಬುದು ನನ್ನ ವಿಷಯ. ಅವರನ್ನೇ ಮಾತಾಡಿಸಬೇಕು ಅಂತ ಆಸೆ. ಆದರೆ ನನ್ನ ಗೈಡ್ "ಅವರಿಂದ ಡೇಟಾ ಸಿಗಲ್ಲ, ಅಪ್ಪ ಅಮ್ಮಂದಿರನ್ನ, ಟೀಚರ್‌ಗಳನ್ನ ಮಾತಾಡಿಸಿ ಮುಗಿಸು" ಅನ್ನುತ್ತಾರೆ. ಅವರಿಗೆ ಏನು ಹೇಳಲಿ?
– ಸಂಶೋಧನಾ ವಿದ್ಯಾರ್ಥಿನಿ

ನಿಮ್ಮ ಗೈಡ್ ತೋರಿಸಿದ ದಾರಿಯಲ್ಲಿ ಹೋದರೆ ಕೆಲಸ ಬೇಗ ಮುಗಿಯುತ್ತದೆ, ಸುಳ್ಳಲ್ಲ. ಆದರೆ ಆಗ ನಿಮ್ಮ ವಿಷಯವೇ ಬೇರೆಯಾಗುತ್ತದೆ. ಶಾಲೆ ಮುಗಿಸಿದವರ ಅನುಭವ ಹೋಗಿ, ಶಾಲೆ ಮುಗಿಸಿದವರ ಬಗ್ಗೆ ದೊಡ್ಡವರಿಗೆ ಇರುವ ಆತಂಕ ಅಂತಾಗುತ್ತದೆ. ಅದನ್ನೂ ಯಾರಾದರೂ ಅಧ್ಯಯನ ಮಾಡಲೇಬೇಕು. ಆದರೆ ಥೀಸಿಸ್‌ನ ರಟ್ಟಿನ ಮೇಲೆ ಅದೇ ಹೆಸರು ಹಾಕಿ. ಅಮ್ಮ ಹೇಳಿದ್ದನ್ನು ಮಗನ ಅನುಭವ ಅಂತ ಬರೆಯಬೇಡಿ.

ಎರಡೂ ಕಡೆ ಕೇಳಿದವರಿಗೆ ಈ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಮನೆಯವರು ಹೇಳುವುದು ಸುರಕ್ಷತೆಯ ಮಾತು, ಓಡಾಟದ ಮಾತು, ಎಲ್ಲಕ್ಕಿಂತ ಜಾಸ್ತಿ "ನಾವು ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ" ಎಂಬ ಮಾತು. ಅದೇ ಮನೆಯ ಹುಡುಗನನ್ನು ಕೂರಿಸಿ ಕೇಳಿದರೆ ಪಕ್ಕದ ಬೆಂಚಿನ ಗೆಳೆಯ ಈಗ ಎಲ್ಲಿದ್ದಾನೆ ಅನ್ನುತ್ತಾನೆ, ತನ್ನದೇ ಫೋನ್ ಬೇಕು ಅನ್ನುತ್ತಾನೆ, ಕೈಯಲ್ಲಿ ಸ್ವಂತ ದುಡ್ಡು ಬೇಕು ಅನ್ನುತ್ತಾನೆ, ಒಮ್ಮೊಮ್ಮೆ ಮದುವೆಯ ವಿಷಯ ತೆಗೆಯುತ್ತಾನೆ, ಮನೆಯವರು ಯಾರೂ ತೆಗೆಯದ ವಿಷಯ. "ಮನೆಯಲ್ಲಿ ಆರಾಮಾಗಿದ್ದಾನೆ" ಎಂದು ಅಮ್ಮ ಹೇಳಿದ ದಿನವೇ ಮಗ "ಬೋರ್" ಎಂದಿರುತ್ತಾನೆ. ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರ ಮಾತನ್ನೂ ತೆಗೆದುಕೊಳ್ಳಿ, ಆದರೆ ಬೇರೆಬೇರೆ ಇಡಿ. ಎರಡೂ ಹೊಂದದ ಕಡೆ ಯಾವುದು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ಆ ಹೊಂದದ ಜಾಗವೇ ನಿಮ್ಮ ಥೀಸಿಸ್‌ನಲ್ಲಿ ಓದಿಸಿಕೊಂಡು ಹೋಗುವ ಅಧ್ಯಾಯ ಆಗಬಹುದು.

ದೊಡ್ಡ ಸಮೀಕ್ಷೆಗಳಲ್ಲೂ ಇದೇ ತಾಪತ್ರಯ ಇದೆ. ಅಮೆರಿಕದಲ್ಲಿ 2000ದಿಂದ ಸುಮಾರು ಹತ್ತು ವರ್ಷ ಒಂದು ರಾಷ್ಟ್ರಮಟ್ಟದ ಅಧ್ಯಯನ ನಡೆಯಿತು. ವಿಶೇಷ ಶಿಕ್ಷಣ ಪಡೆಯುತ್ತಿದ್ದ, ಶುರುವಿನಲ್ಲಿ 13ರಿಂದ 16 ವರ್ಷದ, 11 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಶಾಲೆಯಿಂದ ಹೊರಗೆ ಬರುವವರೆಗೆ ಮತ್ತು ಆಮೇಲೂ ಹಿಂಬಾಲಿಸಿದರು. ಮೊದಲು ಮನೆಯವರ ಜೊತೆ ಫೋನ್‌ನಲ್ಲಿ ಮಾತು. ಮಗ ಅಥವಾ ಮಗಳು ಫೋನ್‌ನಲ್ಲಿ ಉತ್ತರ ಕೊಡಬಲ್ಲರು ಎಂದರೆ ಅವರ ಜೊತೆ ಮಾತು. ಫೋನ್ ಆಗದು, ಬೇರೆ ರೀತಿ ಆಗುತ್ತದೆ ಎಂದರೆ ಅಂಚೆಯಲ್ಲಿ ಪ್ರಶ್ನಾವಳಿ. ಅದೂ ಆಗದಿದ್ದರೆ ಮನೆಯವರೇ ಉತ್ತರ ಕೊಟ್ಟರು. ಇಷ್ಟು ಮಾಡಿದ್ದಕ್ಕೆ ಮೆಚ್ಚಬೇಕು. ಆದರೆ ನೋಡಿ, ಮಗ ಉತ್ತರಿಸಬಲ್ಲನೋ ಇಲ್ಲವೋ ಎಂದು ಹೇಳಿದ್ದು ಯಾರು? ಮನೆಯವರು. ಹಾಗಾಗಿ ಇಂಥ ಅಂಕಿಅಂಶ ಓದುವಾಗ ಈ ಉತ್ತರ ಯಾರ ಬಾಯಿಂದ ಬಂತು ಎಂದು ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಟೇಬಲ್‌ನಲ್ಲಿ ಅದಕ್ಕೊಂದು ಕಾಲಂ ಇರಲಿ.

ಈಗ "ಡೇಟಾ ಸಿಗಲ್ಲ" ಎಂಬ ಮಾತಿಗೆ ಬರೋಣ. ಎದುರು ಕುರ್ಚಿಯಲ್ಲಿ ಕೂರಿಸಿ, ರೆಕಾರ್ಡರ್ ಒತ್ತಿ, "ಶಾಲೆ ಬಿಟ್ಟ ನಂತರ ನಿಮ್ಮ ಜೀವನದಲ್ಲಾದ ಬದಲಾವಣೆಗಳ ಬಗ್ಗೆ ಹೇಳಿ" ಎಂದರೆ ನಿಜವಾಗಿಯೂ ಸಿಗಲ್ಲ. ಸುಮ್ನೆ ಯೋಚನೆ ಮಾಡಿ, ಆ ಪ್ರಶ್ನೆಗೆ ಥಟ್ಟನೆ ಉತ್ತರ ನಿಮಗೇ ಬರುತ್ತದಾ? ಬದಲಾವಣೆ, ಭವಿಷ್ಯ, ಅನುಭವ ಇವೆಲ್ಲ ಕೈಗೆ ಸಿಗದ ಮಾತುಗಳು. ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಏನು ಮಾಡಿದೆ, ಯಾರ ಜೊತೆ ಮಾತಾಡಿದೆ ಎಂದು ಕೇಳಿ. ಶಾಲೆಯ ಕೊನೆಯ ದಿನದ ಫೋಟೋ ಇದ್ದರೆ ಅದನ್ನು ಮುಂದಿಟ್ಟುಕೊಂಡು ಮಾತಾಡಿ. ಇನ್ನೂ ಒಳ್ಳೆಯದೆಂದರೆ ಜೊತೆಗೆ ನಡೆಯುವುದು. ಅವರು ದಿನಾ ಹೋಗುವ ದಾರಿಯಲ್ಲಿ ಅವರೇ ಮುಂದೆ, ನೀವು ಹಿಂದೆ. ಕೂತಾಗ ಬಾರದ ಮಾತು ನಡೆಯುವಾಗ ಬರುತ್ತದೆ.

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ 'ಟಾಕಿಂಗ್ ಮ್ಯಾಟ್ಸ್' ಎಂಬ ವಿಧಾನ ಇದೆ, ನೋಡಿ. ಒಂದು ಚಾಪೆ. ಮೇಲಂಚಿನಲ್ಲಿ ಇಷ್ಟ, ಪರವಾಗಿಲ್ಲ, ಇಷ್ಟವಿಲ್ಲ ಎಂಬ ಮೂರು ಚಿತ್ರಗಳು. ಕೆಲಸ, ಗೆಳೆಯರು, ಬಸ್ಸು, ಟಿವಿ ಹೀಗೆ ಒಂದೊಂದೇ ಚಿತ್ರ ಕೈಗೆ ಕೊಟ್ಟರೆ ಅವರು ಸರಿಯಾದ ಕಡೆ ಇಡುತ್ತಾರೆ. ಇಟ್ಟದ್ದನ್ನು ಎತ್ತಿ ಬೇರೆ ಕಡೆ ಇಡಲೂಬಹುದು, ಅದೇ ಇದರ ಚೆಂದ, ಮಾತಾಡಿ ಕೆಟ್ಟೆ ಎಂಬ ಭಯವಿಲ್ಲ. ಕೊನೆಯಲ್ಲಿ ಚಾಪೆಯ ಫೋಟೋ ತೆಗೆದರೆ ನಿಮಗೆ ದಾಖಲೆ. ಇನ್ನೊಂದು ದಾರಿ ಅವರ ಕೈಗೇ ಕ್ಯಾಮೆರಾ ಕೊಡುವುದು. ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ 1990ರ ದಶಕದಲ್ಲಿ ಚೀನಾದ ಯುನಾನ್ ಪ್ರಾಂತ್ಯದ ಹಳ್ಳಿ ಹೆಂಗಸರಿಗೆ ಕ್ಯಾಮೆರಾ ಕೊಟ್ಟು ಶುರುಮಾಡಿದ 'ಫೋಟೋವಾಯ್ಸ್' ಇವತ್ತು ಅಂಗವೈಕಲ್ಯದ ಅಧ್ಯಯನಗಳಲ್ಲೂ ಬಳಕೆಯಲ್ಲಿದೆ. ಫೋಟೋ ತಾನೇ ಮಾತಾಡುತ್ತದೆ ಅಂದುಕೊಳ್ಳಬೇಡಿ ಮಾತ್ರ. ಖಾಲಿ ಕುರ್ಚಿಯ ಫೋಟೋ ತಂದರೆ ಒಂಟಿತನ ಎಂದು ನೀವೇ ಬರೆದುಕೊಂಡು ಬಿಡುವ ಅಪಾಯ ಇದೆ. ಅವರನ್ನು ಕೇಳಿದರೆ "ಇದು ನನ್ನ ಹೊಸ ಕುರ್ಚಿ" ಅನ್ನಬಹುದು.

ಸಮಯ ಜಾಸ್ತಿ ಬೇಕು. ಒಂದು ಗಂಟೆಯ ಒಂದು ಭೇಟಿಗಿಂತ ಇಪ್ಪತ್ತು ನಿಮಿಷದ ನಾಲ್ಕೈದು ಭೇಟಿ ಮೇಲು. ಮೊದಲ ಸಲ ರೆಕಾರ್ಡರ್ ಬೇಡ, ಪ್ರಶ್ನೆಯೂ ಬೇಡ. ಸ್ಯಾಂಪಲ್ ಚಿಕ್ಕದಾಗುತ್ತದೆ, ಆಗಲಿ. ಗೈಡ್‌ಗೆ ಹೇಳಬೇಕಾದ್ದು ಇಷ್ಟೇ: ಈ ವಿಷಯಕ್ಕೆ ಈ ವಿಧಾನವೇ ಹೊಂದುತ್ತದೆ, ವೇಳಾಪಟ್ಟಿ ಹೀಗಿದೆ, ಪೈಲಟ್ ಆಗಿ, ಅಂದರೆ ಚಿಕ್ಕ ಪ್ರಯೋಗವಾಗಿ, ಮೊದಲು ಇಬ್ಬರ ಜೊತೆ ಮಾಡಿ ತೋರಿಸುತ್ತೇನೆ. ವಾದಕ್ಕಿಂತ ಆ ಪೈಲಟ್‌ನ ಹತ್ತು ಪುಟ ಹೆಚ್ಚು ಕೆಲಸ ಮಾಡುತ್ತದೆ.

ನನ್ನ ಮಗಳಿಗೆ 21 ವರ್ಷ, ಡೌನ್ ಸಿಂಡ್ರೋಮ್ ಇದೆ. ಯಾರು ಏನು ಕೇಳಿದರೂ "ಹೂಂ" ಅನ್ನುತ್ತಾಳೆ. ಶಾಲೆ ಇಷ್ಟ ಇತ್ತಾ? ಹೂಂ. ಮನೆಯಲ್ಲಿರುವುದು ಇಷ್ಟನಾ? ಹೂಂ. ಸಂಶೋಧನೆಯವರು ಬಂದು ಇದನ್ನೇ ಬರೆದುಕೊಂಡು ಹೋದರು. ಇದರಿಂದ ಏನು ಉಪಯೋಗ? ನನ್ನನ್ನೇ ಕೇಳಿದ್ದರೆ ನಿಜ ಹೇಳುತ್ತಿದ್ದೆ.
– ಒಬ್ಬ ತಾಯಿ

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆದರೆ ತಪ್ಪಿರುವುದು ಪ್ರಶ್ನೆ ಕೇಳಿದ ರೀತಿಯಲ್ಲಿ. ನಿಮ್ಮ ಮಗಳನ್ನು ಕೇಳಿದ್ದರಲ್ಲಿ ಏನೂ ತಪ್ಪಿಲ್ಲ.

ಹೀಗೆ ಎಲ್ಲದಕ್ಕೂ ಹೂಂ ಅನ್ನುವುದು ಸಂಶೋಧಕರಿಗೆ ಹಳೆಯ ವಿಷಯ. ಅಮೆರಿಕದ ಕ್ಯಾರೊಲ್ ಸಿಗೆಲ್ಮನ್ ಮತ್ತು ಜೊತೆಗಾರರು 1981ರಲ್ಲೇ ಇದರ ಬಗ್ಗೆ ಬರೆದರು. ಒಂದಕ್ಕೊಂದು ವಿರುದ್ಧವಾದ ಪ್ರಶ್ನೆಗಳನ್ನು ಕೇಳಿ ನೋಡಿದಾಗ ಬೌದ್ಧಿಕ ಅಂಗವೈಕಲ್ಯ ಇರುವ ಅನೇಕರು ಎರಡಕ್ಕೂ ಹೌದು ಎಂದರು. ಇದಕ್ಕೆ ಬುದ್ಧಿ ಸಾಲದು ಎಂಬುದೊಂದೇ ಕಾರಣ ಎಂದು ನನಗೆ ಅನಿಸುವುದಿಲ್ಲ. ಹುಟ್ಟಿದಾಗಿನಿಂದ "ಹೇಳಿದ ಮಾತು ಕೇಳು" ಎಂದೇ ಬೆಳೆಸಿದವರಿಗೆ, ಬ್ಯಾಗು ಹಿಡಿದು ಬಂದ ಅಪರಿಚಿತರ ಮುಂದೆ ಹೂಂ ಅನ್ನುವುದೇ ಬೇಗ ಪಾರಾಗುವ ಉಪಾಯ. ನಾವೂ ಬ್ಯಾಂಕಿನ ಫಾರಂಗಳಿಗೆ ಓದದೆ ಸಹಿ ಹಾಕುತ್ತೇವೆ, ಅಲ್ವಾ?

ಮುಂದಿನ ಸಲ ಯಾರಾದರೂ ಬಂದರೆ ಹೌದು ಅಲ್ಲ ಅನ್ನುವ ಪ್ರಶ್ನೆ ಬೇಡ ಎಂದು ನೀವೇ ಹೇಳಿ. ಎರಡು ಚಿತ್ರ ಮುಂದಿಟ್ಟು ಯಾವುದು ಎಂದು ಕೇಳಲಿ. ಕೆಲವರಿಗೆ ಕೊನೆಗೆ ಕೇಳಿದ್ದನ್ನೇ ಹೇಳುವ ಅಭ್ಯಾಸ ಇರುತ್ತದೆ, ಹಾಗಾಗಿ ಇನ್ನೊಂದು ದಿನ ಅದೇ ಚಿತ್ರಗಳ ಸರದಿ ಬದಲಿಸಿ ಮತ್ತೆ ಕೇಳಲಿ. ಆಗಲೂ ಅದೇ ಉತ್ತರ ಬಂದರೆ ನಂಬಬಹುದು. "ಇಷ್ಟ ಇಲ್ಲ" ಎಂದು ಹೇಳಿದರೆ ಏನೂ ಆಗುವುದಿಲ್ಲ ಎಂಬುದನ್ನು ಮೊದಲು ಆಟದ ಹಾಗೆ ಅಭ್ಯಾಸ ಮಾಡಿಸಬೇಕು. ಅವಳಿಗೆ ಖಂಡಿತ ಇಷ್ಟವಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಯಾವುದಾದರೂ ವಿಷಯದಿಂದ ಶುರುಮಾಡಿದರೆ, ಅವಳ 'ಇಲ್ಲ' ಹೇಗಿರುತ್ತದೆ ಎಂಬುದು ಬಂದವರಿಗೂ ತಿಳಿಯುತ್ತದೆ.

ಇನ್ನೊಂದು ಮಾತು. ಹೇಳಲಾ ಬೇಡವಾ ಎಂದು ಯೋಚಿಸಿ ಹೇಳುತ್ತಿದ್ದೇನೆ. ನೀವು ಪಕ್ಕದಲ್ಲಿ ಕೂತಿದ್ದಿರಾ? ಅಮ್ಮ ಎದುರಿಗಿರುವಾಗ "ಮನೆಯಲ್ಲಿ ಬೇಜಾರು" ಎಂದು ಯಾವ ಮಗಳೂ ಸುಲಭವಾಗಿ ಹೇಳುವುದಿಲ್ಲ, ಅಂಗವೈಕಲ್ಯ ಇರಲಿ ಇಲ್ಲದಿರಲಿ. ಯಾರು ಜೊತೆಗಿರಬೇಕು ಎಂದು ಅವಳನ್ನೇ ಕೇಳಿ. ನೀವೇ ಬೇಕು ಅಂದರೆ ಇರಿ, ಅವಳ ಮಾತು ಅರ್ಥವಾಗದ ಕಡೆ ಬಿಡಿಸಿ ಹೇಳಿ, ಉತ್ತರ ಮಾತ್ರ ಹೇಳಿಕೊಡಬೇಡಿ. ಬೇಡ ಅಂದರೆ ಕೂಗಿದರೆ ಕೇಳುವಷ್ಟು ದೂರದಲ್ಲಿ, ಪಕ್ಕದ ಕೋಣೆಯಲ್ಲಿರಿ. ನಿಮ್ಮ ಮಾತೂ ಬೇಕು. ಅದಕ್ಕೆ ಬೇರೆ ಸಮಯ ಕೇಳಿ ತೆಗೆದುಕೊಳ್ಳಿ.

ನನಗೆ ಕಣ್ಣು ಕಾಣುವುದಿಲ್ಲ. ಈಗಷ್ಟೇ ಶಾಲೆ ಮುಗಿಸಿದೆ. "ಶಾಲೆಯ ನಂತರದ ಯುವಜನರು" ಅಂತ ಆನ್‌ಲೈನ್ ಸರ್ವೆ ಲಿಂಕ್ ಬಂತು. ಮೂರನೇ ಪುಟದಲ್ಲಿ ಒಂದು ಗೆರೆಯ ಮೇಲೆ ಗುಂಡಿ ಎಳೆಯಬೇಕಂತೆ, ಪರದೆಯಲ್ಲಿರುವುದನ್ನು ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್ ಅಲ್ಲೇ ನಿಂತುಹೋಯಿತು. ಬಿಟ್ಟುಬಿಟ್ಟೆ.
– ಬಿಟ್ಟುಬಿಟ್ಟವನು

ನೀವು ಬಿಟ್ಟಿದ್ದು ಅವರ ಲೆಕ್ಕದಲ್ಲಿ 'ಅಪೂರ್ಣ ಉತ್ತರ' ಎಂದು ಹೋಗುತ್ತದೆ, ಆಮೇಲೆ ಡೇಟಾ ಶುದ್ಧ ಮಾಡುವಾಗ ಅಳಿಸಿಹೋಗುತ್ತದೆ, ವರದಿಯಲ್ಲಿ ಯುವಜನರೆಲ್ಲ ಎಂದು ಬರುತ್ತದೆ. ಅಂಗವೈಕಲ್ಯದ ಬಗ್ಗೆ ವಿಶೇಷ ಸಂಶೋಧನೆ ಮಾಡುವವರಿಗಿಂತ ಎಲ್ಲರ ಬಗ್ಗೆ ಮಾಡುತ್ತೇವೆ ಅನ್ನುವವರ ಮೇಲೆ ನನಗೆ ಈ ವಿಷಯದಲ್ಲಿ ಜಾಸ್ತಿ ಸಿಟ್ಟು. ಎಳೆಯುವ ಗುಂಡಿ, ಚಿತ್ರ ಗುರುತಿಸುವ ಕ್ಯಾಪ್ಚಾ, ಪುಟಕ್ಕಿಷ್ಟು ಸಮಯ ಎಂಬ ಗಡಿಯಾರ, ಸಬ್‌ಟೈಟಲ್ ಇಲ್ಲದ ವಿಡಿಯೋ. ಇವು ಯಾವುದೂ ಪ್ರಶ್ನೆಗೆ ಬೇಕಾದವಲ್ಲ. ಒಂದರಿಂದ ಐದು ಎಂಬ ಆಯ್ಕೆ ಕೊಟ್ಟರೆ ಗುಂಡಿಯ ಕೆಲಸ ಆಗುತ್ತದೆ. ಸರ್ವೆ ಬಿಡುಗಡೆ ಮಾಡುವ ಮುಂಚೆ ಮೌಸ್ ಮುಟ್ಟದೆ ಕೀಬೋರ್ಡ್‌ನಲ್ಲೇ ಒಮ್ಮೆ ಪೂರ್ತಿ ಮಾಡಿ ನೋಡಿದರೆ ಅರ್ಧ ತೊಂದರೆ ಅಲ್ಲೇ ಸಿಕ್ಕಿಬೀಳುತ್ತದೆ. ಫೋನ್ ಮಾಡಿಯೂ ಉತ್ತರ ಕೊಡಬಹುದು ಎಂದು ಒಂದು ನಂಬರ್ ಕೊಡುವುದೂ ಕಷ್ಟವಲ್ಲ. ಲಿಂಕ್ ಕಳಿಸಿದವರಿಗೆ ಎಲ್ಲಿ ನಿಂತಿತು, ಯಾವ ಸ್ಕ್ರೀನ್ ರೀಡರ್ ಎಂದು ಎರಡು ಸಾಲು ಬರೆಯಿರಿ. ಅದು ನಿಮ್ಮ ಕೆಲಸವಲ್ಲ, ಗೊತ್ತು. ಆದರೂ ಮುಂದಿನವರಿಗೆ ಸಹಾಯವಾದೀತು.

ನಾನು ಸಂಶೋಧನೆಗಳನ್ನು ಪರಿಶೀಲಿಸಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಸದಸ್ಯ. ಬೌದ್ಧಿಕ ಅಂಗವೈಕಲ್ಯ ಇರುವವರನ್ನು ನೇರವಾಗಿ ಸಂದರ್ಶಿಸುವ ಪ್ರಸ್ತಾವ ಬಂದರೆ ನಾವು ಸಾಮಾನ್ಯವಾಗಿ ವಾಪಸ್ ಕಳಿಸುತ್ತೇವೆ, ಇಲ್ಲವೇ ಪೋಷಕರ ಸಹಿ ಇದ್ದರೆ ಸಾಕು ಎನ್ನುತ್ತೇವೆ. ಅವರನ್ನು ಕಾಪಾಡಬೇಕಲ್ಲ? ಇದರಲ್ಲಿ ತಪ್ಪೇನು?
– ಸಮಿತಿಯಲ್ಲಿರುವವರು

ಕಾಪಾಡಬೇಕು ಎಂಬ ಭಯಕ್ಕೆ ಗಟ್ಟಿಯಾದ ಕಾರಣ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯದ ಮಕ್ಕಳಿಗೆಂದು ಇದ್ದ ಫರ್ನಾಲ್ಡ್ ವಸತಿ ಶಾಲೆಯಲ್ಲಿ 1940 ಮತ್ತು 50ರ ದಶಕಗಳಲ್ಲಿ ಹುಡುಗರನ್ನು 'ಸೈನ್ಸ್ ಕ್ಲಬ್' ಎಂದು ಸೇರಿಸಿಕೊಂಡು, ವಿಕಿರಣ ಸೂಸುವ ಅಂಶ ಬೆರೆಸಿದ ಓಟ್ಸ್ ತಿನ್ನಿಸಿ ಪ್ರಯೋಗ ಮಾಡಿದರು. ಮನೆಯವರಿಗೆ ಹೋದ ಪತ್ರದಲ್ಲಿ ವಿಕಿರಣದ ಮಾತೇ ಇರಲಿಲ್ಲ. ನ್ಯೂಯಾರ್ಕಿನ ಅಂಥದೇ ವಿಲೋಬ್ರೂಕ್ ಶಾಲೆಯಲ್ಲಿ 1950ರ ದಶಕದಿಂದ 70ರ ದಶಕದವರೆಗೆ ಬೌದ್ಧಿಕ ಅಂಗವೈಕಲ್ಯ ಇದ್ದ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ತಗುಲಿಸಿ ಅಧ್ಯಯನ ಮಾಡಿದರು. ಅಲ್ಲಿ ಪೋಷಕರ ಸಹಿ ಇತ್ತು, ಗಮನಿಸಿ. ಸಹಿ ಇದ್ದುದರಿಂದ ಆ ಮಕ್ಕಳಿಗೆ ರಕ್ಷಣೆ ಸಿಗಲಿಲ್ಲ.

ಇಂಥವು ಬಯಲಾದ ಮೇಲೆ ಸಂಶೋಧನೆಯ ನೀತಿಯ ಬಗ್ಗೆ ಅಮೆರಿಕದಲ್ಲಿ ಬಂದ 1979ರ ಬೆಲ್ಮಾಂಟ್ ವರದಿಯನ್ನು ನಿಮ್ಮ ಸಮಿತಿಯಲ್ಲಿ ಎಲ್ಲರೂ ಓದಿರುತ್ತೀರಿ. ಅದರಲ್ಲಿ ಒಂದು ಕಡೆ, ಅರ್ಥ ಮಾಡಿಕೊಳ್ಳುವ ಶಕ್ತಿ ಕಡಿಮೆ ಇರುವವರಿಗೂ ಅವರಿಗೆ ಆಗುವಷ್ಟರ ಮಟ್ಟಿಗೆ ಸೇರುವ ಬಿಡುವ ಆಯ್ಕೆ ಕೊಡಬೇಕು, ಬೇಡ ಎಂದರೆ ಆ ಬೇಡವನ್ನು ಒಪ್ಪಬೇಕು ಎಂದಿದೆ. ಬೇರೆಲ್ಲೂ ಸಿಗದ ಚಿಕಿತ್ಸೆ ಕೊಡುವ ಸಂಶೋಧನೆಗೆ ಮಾತ್ರ ವಿನಾಯಿತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಇನ್ನೂ ಸ್ಪಷ್ಟ. 16 ದಾಟಿದವರಿಗೆ ನಿರ್ಧಾರ ಮಾಡುವ ಶಕ್ತಿ ಇದೆ ಎಂದೇ ಮೊದಲು ಭಾವಿಸಬೇಕು, ಅರ್ಥ ಮಾಡಿಸಲು ಆಗುವ ಸಹಾಯವನ್ನೆಲ್ಲ ಮಾಡಿ ನೋಡಿದ ಮೇಲಷ್ಟೇ ಇಲ್ಲ ಎನ್ನಬಹುದು. ಸಂಶೋಧನೆಯ ಮಧ್ಯೆ ಆ ವ್ಯಕ್ತಿ ಮಾತಿನಲ್ಲಿ ಅಲ್ಲದಿದ್ದರೂ ಬೇರೆ ರೀತಿ ವಿರೋಧ ತೋರಿಸಿದರೆ ಅದನ್ನು ಮೀರಿ ಮುಂದುವರಿಯುವ ಹಾಗಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಅದೇ ದಿಕ್ಕಿನದು: ಅವರ ನಿರ್ಧಾರಕ್ಕೆ ಬೇಕಾದ ಸಹಾಯ ಸಿಗಬೇಕು.

ಹಾಗಾದರೆ ನಿಮ್ಮ ಪದ್ಧತಿಯಲ್ಲಿ ತಪ್ಪೇನು ಎಂದರೆ, ಎರಡು ಬೇರೆ ವಿಷಯಗಳನ್ನು ಒಂದೇ ತಕ್ಕಡಿಗೆ ಹಾಕಿದ್ದೀರಿ. ಹೆಪಟೈಟಿಸ್ ತಗುಲಿಸುವುದಕ್ಕೂ "ಶಾಲೆ ಮುಗಿದ ಮೇಲೆ ಯಾರ ಜೊತೆ ಮಾತಾಡುತ್ತೀಯ" ಎಂದು ಕೇಳುವುದಕ್ಕೂ ಅಪಾಯದಲ್ಲಿ ಹೋಲಿಕೆಯೇ ಇಲ್ಲ. ವಾಪಸ್ ಕಳಿಸಿದರೆ ಅಪಾಯ ಇಲ್ಲ ಎಂದೂ ಅಲ್ಲ. ಯಾರ ಮಾತೂ ಕೇಳದೆ ಮಾಡಿದ ಯೋಜನೆಯಲ್ಲಿ ಇಪ್ಪತ್ತು ವರ್ಷದವರು ದಿನಾ ಬಣ್ಣದ ಮಣಿ ಪೋಣಿಸುತ್ತಾ ಕೂರುತ್ತಾರಲ್ಲ, ಆ ನಷ್ಟ ನಿಮ್ಮ ಫಾರಂನ ಯಾವ ಕಾಲಂನಲ್ಲೂ ಬರುವುದಿಲ್ಲ.

ತಿರಸ್ಕರಿಸುವ ಬದಲು ಸಂಶೋಧಕರಿಂದ ಒಪ್ಪಿಗೆಯ ವಿಧಾನ ಕೇಳಿ. ಮಾಹಿತಿ ಪತ್ರ ಸರಳವಾಗಿದೆಯೇ? ಒಂದು ಸಾಲಿಗೆ ಒಂದೇ ವಿಷಯ, ಪಕ್ಕದಲ್ಲಿ ಚಿತ್ರ, ದೊಡ್ಡ ಅಕ್ಷರ. ಓದಲು ಬಾರದವರಿಗೆ ಆಡಿಯೋ, ಸೈನ್ ಭಾಷೆಯವರಿಗೆ ವಿಡಿಯೋ. ಅರ್ಥವಾಯಿತಾ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದಕ್ಕೇ "ನಾನು ಯಾಕೆ ಬಂದಿದ್ದೇನೆ, ನೀವೇ ಹೇಳಿ ನೋಡೋಣ" ಎಂದು ಕೇಳುತ್ತಾರಾ? ಒಪ್ಪಿಗೆ ಮೊದಲ ದಿನದ ಸಹಿಗೆ ಮುಗಿಯಿತೋ, ಪ್ರತಿ ಭೇಟಿಯಲ್ಲೂ ಮತ್ತೆ ಕೇಳುತ್ತಾರೋ? ನಿಲ್ಲಿಸು ಎನ್ನಲು ಕೆಂಪು ಕಾರ್ಡ್ ಕೊಟ್ಟಿದ್ದಾರಾ, ಅದನ್ನು ಒಮ್ಮೆ ತೋರಿಸಿ ನಿಜವಾಗಿಯೂ ನಿಲ್ಲುತ್ತದೆ ಎಂದು ಅಭ್ಯಾಸ ಮಾಡಿಸುತ್ತಾರಾ? ಮುಖ ತಿರುಗಿಸುವುದು, ಎದ್ದು ಹೋಗುವುದು, ಸುಮ್ಮನಾಗುವುದು ಇವನ್ನು ಬೇಡ ಎಂದು ಓದಲು ಗೊತ್ತಾ? ಮಾತಿನ ಮಧ್ಯೆ ಯಾರೋ ಹೊಡೆಯುತ್ತಾರೆ ಎಂದು ಬಾಯಿಬಿಟ್ಟರೆ ಮುಂದೇನು ಮಾಡಬೇಕು ಎಂಬುದು ಬರೆದಿದೆಯಾ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಸಮಿತಿಗಳು ಅದನ್ನು ಕೇಳುವುದು ಕಡಿಮೆ.

ಗುರುತು ಸಿಗುವ ಅಪಾಯವನ್ನೂ ನೋಡಿ. ಅಪರೂಪದ ಕಾಯಿಲೆ ಇರುವ, ಚಿಕ್ಕ ಶಾಲೆಯಿಂದ ಬಂದ ಒಬ್ಬಳೇ ಹುಡುಗಿಯ ಹೆಸರು ಬದಲಿಸಿದರೆ ಸಾಲದು, ಓದಿದ ಟೀಚರ್‌ಗೆ ಒಂದು ಸಾಲಿಗೇ ಗೊತ್ತಾಗಿಬಿಡುತ್ತದೆ.

ನಾನು ವಿಶೇಷ ಶಾಲೆಯ ಟೀಚರ್. ಸಂಶೋಧಕರು ಬಂದು "ಚೆನ್ನಾಗಿ ಮಾತಾಡುವ ಐದಾರು ಜನರನ್ನ ಕೊಡಿ" ಅನ್ನುತ್ತಾರೆ. ಕೊಡುತ್ತೇವೆ. ಪ್ರತಿ ಸಲ ಅವರೇ. ಇದು ಸರಿಯಾ?

ಸರಿಯಲ್ಲ ಎಂದು ನಿಮಗೆ ಅನಿಸಿದ್ದಕ್ಕೇ ಬರೆದಿದ್ದೀರಿ ಅಲ್ವಾ. ಹೀಗಾದಾಗ ಎಲ್ಲ ಅಧ್ಯಯನಗಳಲ್ಲೂ ಮಾತು ಬರುವ, ಮನೆಯಲ್ಲಿ ಬೆಂಬಲ ಇರುವ, ಶಾಲೆಯ ಬಗ್ಗೆ ಒಳ್ಳೆಯದನ್ನೇ ಹೇಳುವ ಅದೇ ಮುಖಗಳು. ಮಾತು ಕಡಿಮೆ ಇರುವವರು, ಶಾಲೆಯ ಮೇಲೆ ಸಿಟ್ಟಿರುವವರು, ಹೋದವರು ಹೋದರು ಎಂದು ಕೈಬಿಟ್ಟುಹೋದವರು ಎಲ್ಲೂ ಇಲ್ಲ. ಪಟ್ಟಿ ನೀವು ಮಾಡಬೇಡಿ. ಎಲ್ಲರಿಗೂ ಮಾಹಿತಿ ತಲುಪಿಸಿ, ಬೇಕಾದವರು ಮುಂದೆ ಬರಲಿ ಎನ್ನಿ, ಮಾತಾಡಿಸುವ ಕಷ್ಟ ಸಂಶೋಧಕರದ್ದು.

ನಿಮ್ಮ ಕೈಯಲ್ಲಿ ಮಾತ್ರ ಇರುವ ಒಂದು ಕೆಲಸ ಇದೆ. ಶಾಲೆ ಬಿಟ್ಟ ವರ್ಷದೊಳಗೆ ಫೋನ್ ನಂಬರ್ ಬದಲಾಗುತ್ತದೆ, ಮನೆ ಬದಲಾಗುತ್ತದೆ, ಆಮೇಲೆ ಹುಡುಕುವವರಿಗೆ ಯಾರೂ ಸಿಗುವುದಿಲ್ಲ. ಕೊನೆಯ ವರ್ಷದಲ್ಲೇ "ಮುಂದೆ ಯಾರಾದರೂ ನಿನ್ನನ್ನು ಹುಡುಕಿ ಮಾತಾಡಿಸಿದರೆ ಪರವಾಗಿಲ್ಲವಾ" ಎಂದು ವಿದ್ಯಾರ್ಥಿಯನ್ನು ಕೇಳಿ, ಹೂಂ ಅಂದವರ ನಂಬರ್ ಜೊತೆಗೆ ಇನ್ನೊಬ್ಬ ನೆಂಟರ ನಂಬರ್ ಬರೆದಿಟ್ಟುಕೊಳ್ಳಿ. ಶಾಲೆಯಲ್ಲಿದ್ದಾಗ, ಬಿಟ್ಟಾಗ, ಬಿಟ್ಟು ಒಂದೆರಡು ವರ್ಷವಾದಾಗ ಅದೇ ಜನರನ್ನು ಕೇಳಿದರೇನೇ ಈ ವಿಷಯದಲ್ಲಿ ಏನಾದರೂ ತಿಳಿಯುವುದು. ಬಿಟ್ಟ ವಾರ ಎಲ್ಲರಿಗೂ ರಜೆಯ ಖುಷಿ ಇರುತ್ತದೆ.

ನನ್ನ ತಮ್ಮನಿಗೆ 20. ಮಾತಿಲ್ಲ, ಸನ್ನೆಯಿಲ್ಲ, ಚಿತ್ರ ತೋರಿಸಿದರೂ ಕೈ ಚಾಚುವುದಿಲ್ಲ. ಇಂಥವರನ್ನೂ ಸೇರಿಸಿಕೊಳ್ಳಬಹುದು ಅನ್ನುತ್ತೀರಾ? ಒಬ್ಬರು ಅವನ ಕೈ ಹಿಡಿದು ಕೀಬೋರ್ಡ್‌ನಲ್ಲಿ ಟೈಪ್ ಮಾಡಿಸುತ್ತೇನೆ, ಅವನ ಮನಸ್ಸಿನ ಮಾತೆಲ್ಲ ಬರುತ್ತದೆ ಎಂದಿದ್ದಾರೆ.
– ಅಕ್ಕ

ಮೊದಲು ಎರಡನೆಯದಕ್ಕೆ ಉತ್ತರ. ಬೇಡ. ಕೈ ಹಿಡಿದು ಟೈಪ್ ಮಾಡಿಸುವ ಈ ಪದ್ಧತಿಯನ್ನು 1990ರ ದಶಕದಲ್ಲಿ ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ಕೈ ಹಿಡಿದವರಿಗೆ ಒಂದು ಚಿತ್ರ, ಅಂಗವೈಕಲ್ಯ ಇರುವವರಿಗೆ ಇನ್ನೊಂದು ಚಿತ್ರ ತೋರಿಸಿದರೆ, ಟೈಪ್ ಆಗಿದ್ದು ಕೈ ಹಿಡಿದವರು ನೋಡಿದ ಚಿತ್ರದ ಹೆಸರು. ಅವರು ಮೋಸ ಮಾಡುತ್ತಿದ್ದರು ಅಂತಲ್ಲ, ತಾವೇ ಒತ್ತುತ್ತಿದ್ದೇವೆ ಎಂದು ಅವರಿಗೇ ಗೊತ್ತಾಗುತ್ತಿರಲಿಲ್ಲ. 1994ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಎಂದು ನಿರ್ಣಯ ಮಾಡಿತು. ಯಾರೂ ಮುಟ್ಟದೆ, ತಾನೇ ಬೆರಳಿನಿಂದಲೋ ಕಣ್ಣಿನಿಂದಲೋ ಆರಿಸುವ ಸಾಧನಗಳು ಬೇರೆ. ಅವು ಒಳ್ಳೆಯವು. ಅವನಿಗೆ ಯಾವುದಾದರೂ ಹೊಂದುತ್ತದೆಯಾ ಎಂದು ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ.

ಸೇರಿಸಿಕೊಳ್ಳಬಹುದಾ ಎಂದರೆ, ಹೌದು, ಬೇರೆ ರೀತಿಯಲ್ಲಿ. ಸಂಶೋಧಕರು ಅವನ ಜೊತೆ ದಿನಗಟ್ಟಲೆ ಇರಬೇಕು. ಹೊಸ ಜಾಗಕ್ಕೆ ಹೋದಾಗ ಮೈ ಬಿಗಿಯಾಗುತ್ತದಾ, ಯಾರು ಬಂದಾಗ ಉಸಿರು ಸಡಿಲವಾಗುತ್ತದೆ, ಶಾಲೆಯ ವ್ಯಾನಿನ ಹೊತ್ತಿಗೆ ಇನ್ನೂ ಬಾಗಿಲ ಕಡೆ ನೋಡುತ್ತಾನಾ. ಅವನನ್ನು ಬಲ್ಲ ಎರಡು ಮೂರು ಜನ ಬೇರೆಬೇರೆಯಾಗಿ ನೋಡಿ ಬರೆದು, ಆಮೇಲೆ ಹೋಲಿಸಬೇಕು. ವರದಿಯಲ್ಲಿ "ನಾವು ಹೀಗೆ ನೋಡಿದೆವು, ನಮಗೆ ಹೀಗೆ ಅನಿಸಿತು" ಎಂದು ಬರೆಯಬೇಕು. "ಅವನು ಹೀಗೆ ಹೇಳಿದ" ಎಂದು ಬರೆಯಬಾರದು. ಹೊರಗಿಟ್ಟರೆ ಅವನಂಥವರಿಗೆ ಶಾಲೆಯ ನಂತರ ಏನೂ ಬೇಡ ಎಂಬ ಹಾಗೆ ಯೋಜನೆ ಆಗುತ್ತದೆ, ಅವನ ಬಾಯಿಗೆ ಮಾತು ತುರುಕಿದರೆ ಇನ್ಯಾರದೋ ಆಸೆ ಅವನ ಹೆಸರಲ್ಲಿ ನಡೆಯುತ್ತದೆ. ಎರಡರ ಮಧ್ಯೆ ಜಾಗ ಕಿರಿದು, ಒಪ್ಪುತ್ತೇನೆ.

ನಮ್ಮ ಪ್ರಾಜೆಕ್ಟ್‌ಗೆ ಅಂಗವೈಕಲ್ಯ ಇರುವ ಒಬ್ಬ ಯುವಕನನ್ನು 'ಸಹಸಂಶೋಧಕ' ಎಂದು ಹಾಕಿಕೊಂಡಿದ್ದೇವೆ. ಇಷ್ಟು ಸಾಕಾ?

ಪ್ರಶ್ನೆ ಆರಿಸುವಾಗ ಅವರು ಇದ್ದರಾ? ನಿಮ್ಮ ಹಾಗೆ ಅವರಿಗೂ ಸಂಬಳ ಬರುತ್ತದಾ? ಸಭೆಯ ಕಾಗದ ಅವರು ಓದುವ ರೀತಿಯಲ್ಲಿ, ಮುಂಚೆಯೇ ತಲುಪುತ್ತದಾ? ಮೂರಕ್ಕೂ ಇಲ್ಲ ಎಂದರೆ ಸಾಲದು, ಅದು ಫೋಟೋಗೆ ನಿಲ್ಲಿಸಿಕೊಂಡ ಹಾಗಾಯಿತು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್, ಅವರೇ ವೀಲ್‌ಚೇರ್ ಬಳಸುತ್ತಿದ್ದವರು, 1992ರಲ್ಲಿ ಎತ್ತಿದ ಪ್ರಶ್ನೆ ಇದೇ: ಸಂಶೋಧನೆಯ ಲಗಾಮು ಯಾರ ಕೈಯಲ್ಲಿದೆ? ಒಬ್ಬರನ್ನೇ ಹಾಕಿಕೊಳ್ಳುವ ಬದಲು ಇಬ್ಬರು ಮೂವರಿರಲಿ, ಒಬ್ಬಂಟಿಯಾಗಿ ಕೂತವರು ಸಭೆಯಲ್ಲಿ ಬಾಯಿಬಿಡುವುದಿಲ್ಲ. ಡೇಟಾ ವಿಶ್ಲೇಷಣೆಯಿಂದಲೂ ಹೊರಗಿಡಬೇಡಿ. ಸಂದರ್ಶನದ ಮಾತುಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ಓದಿ ಹೇಳಿ, ಯಾವುದು ಯಾವುದರ ಜೊತೆ ಹೋಗುತ್ತದೆ ಎಂದು ಗುಂಪು ಮಾಡಲು ಹೇಳಿದರೆ ನೀವು ಕಾಣದ ಗುಂಪು ಕಾಣಿಸುತ್ತದೆ.

ನನಗೆ ಸೆರೆಬ್ರಲ್ ಪಾಲ್ಸಿ. ಮಾತು ನಿಧಾನ, ಅರ್ಥ ಆಗುತ್ತದೆ. ಶಾಲೆ ಬಿಟ್ಟು ನಾಲ್ಕು ವರ್ಷದಲ್ಲಿ ಮೂರು ಜನ ಬಂದು ಸಂದರ್ಶನ ಮಾಡಿದರು. ಯಾರೂ ಏನಾಯಿತು ಅಂತ ವಾಪಸ್ ಹೇಳಲಿಲ್ಲ. ಈಗ ಇನ್ನೊಬ್ಬರು ಬರುತ್ತೇನೆ ಅಂದಿದ್ದಾರೆ. ಒಪ್ಪಲಾ?

ನಿಮಗೆ ಬಿಟ್ಟಿದ್ದು. ಬೇಡ ಅನಿಸಿದರೆ ಬೇಡ ಎನ್ನಿ, ಕಾರಣ ಹೇಳಬೇಕಾಗಿಲ್ಲ. ನಿಮ್ಮ ಟೀಚರೋ ಡಾಕ್ಟರೋ ಹೇಳಿ ಕಳಿಸಿದ್ದಾರೆ ಎಂಬ ಮುಲಾಜಿಗೂ ಬೀಳಬೇಡಿ.

ಒಪ್ಪುವ ಮನಸ್ಸಿದ್ದರೆ ಈ ಸಲ ಮೊದಲು ನೀವೇ ಸಂದರ್ಶನ ಮಾಡಿ. ಇದು ಯಾರಿಗೆ ಹೋಗುತ್ತದೆ, ಓದುವವರು ಯಾರು? ಹಿಂದಿನ ಮೂವರು ಕೇಳಿದ್ದನ್ನೇ ಕೇಳುತ್ತೀರಾ, ಅವರ ವರದಿ ಓದಿದ್ದೀರಾ? ನನ್ನ ವೇಗಕ್ಕೆ ಸಮಯ ಇದೆಯಾ, ನನ್ನ ಮಾತು ಮುಗಿಯುವ ಮುಂಚೆ ವಾಕ್ಯ ನೀವೇ ಪೂರ್ತಿ ಮಾಡುತ್ತೀರಾ? ಪ್ರಶ್ನೆಗಳನ್ನು ಒಂದು ವಾರ ಮುಂಚೆ ಕೊಡುತ್ತೀರಾ? ಬರೆದ ಮೇಲೆ ನಾನು ಹೇಳಿದ್ದನ್ನು ತೋರಿಸುತ್ತೀರಾ, ತೆಗೆಯಿರಿ ಎಂದರೆ ತೆಗೆಯುತ್ತೀರಾ? ಓಡಾಟದ ಖರ್ಚು, ನನ್ನ ಸಮಯಕ್ಕೆ ದುಡ್ಡು ಇದೆಯಾ? ದುಡ್ಡು ಕೊಡುತ್ತಾರೆ ಎಂದರೆ ಅದರಿಂದ ನಿಮಗೆ ಬರುತ್ತಿರುವ ಪಿಂಚಣಿಗೋ ಭತ್ಯೆಗೋ ತೊಂದರೆ ಆಗುತ್ತದಾ ಎಂದೂ ಕೇಳಿ. ಫಲಿತಾಂಶ ಯಾವ ತಿಂಗಳಿಗೆ, ಯಾವ ರೂಪದಲ್ಲಿ ತಲುಪಿಸುತ್ತೀರಿ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. "ತಿಳಿಸುತ್ತೇವೆ" ಎಂಬ ಮಾತು ನಿಮಗೆ ಮೂರು ಸಲ ಸಿಕ್ಕಾಗಿದೆ.

ಉತ್ತರ ಕೊಡಲು ತಡವರಿಸಿದರೆ ಒಂದು ವಾರ ಬಿಟ್ಟು ಬನ್ನಿ ಎನ್ನಿ. ಹಿಂದಿನ ಮೂವರ ಮಾಹಿತಿ ಪತ್ರ ಮನೆಯಲ್ಲಿದ್ದರೆ ತೆಗೆದು ನೋಡಿ, ಕೆಳಗೆ ಅವರ ಗೈಡ್ ಅಥವಾ ಎಥಿಕ್ಸ್ ಕಮಿಟಿಯ ನಂಬರ್ ಇರಬೇಕು. ಅಲ್ಲಿಗೆ ಬರೆದು ವರದಿ ಕೇಳಿ. ತಡವಾಗಿಯಾದರೂ ಕಳಿಸಬಹುದು.